ಕಡಜವಲ್ಲದ ನೊಣ

ಮಳೆಗಾಲಕ್ಕೆ ಮೊದಲು ಮನೆಯ ಮಾಡಿಗೆ ಹೊದೆಸಲು ತೆಂಗಿನ ಮಡಲನ್ನು ನೀರಲ್ಲಿ ನೆನೆಹಾಕಿ ಹೆಣೆಯುವುದು ಕೊಕ್ಕಡದ ಹೆಂಗಸರ ಕೆಲಸ. ಆ ವರ್ಷ ಕೆರೆಯಿಂದ ಮಡಲು ಎತ್ತಿದರೆ ಅದರ ತುಂಬ ಕೆಸರುಬಣ್ಣದ ಚಪ್ಪಟೆ ಹುಳಗಳು. ದಂಡೆಯ ಎಲೆಗಳ ಮೇಲೆ ಹಳದಿ ಪಟ್ಟೆಯ ಕಪ್ಪು ನೊಣಗಳು. ಹಿಂದಿನ ಬೇಸಗೆಯಲ್ಲಿ ಕಡಜ ಕಚ್ಚಿ ಸತ್ತು ಬದುಕಿದ್ದ ಪೂವಮ್ಮ ಹೌಹಾರಿದರು.

"ಕಡಜ ನೀರಲ್ಲಿ ಮರಿ ಮಾಡಿದೆ! ಸೀಮೆಎಣ್ಣೆ ಸುರಿಯಿರಿ, ಎಲ್ಲ ಸಾಯಲಿ."

ಗಂಡ ಜತ್ತಪ್ಪ ಗೌಡರು ಡಬ್ಬ ಹಿಡಿದು ಬಂದೇಬಿಟ್ಟರು.

ಸೊಸೆ ಲೋಲಾಕ್ಷಿ ಕೈಯಲ್ಲಿದ್ದ ಮಡಲು ಬಿಟ್ಟು ಎದ್ದಳು. ದನಗಳಿಗೂ ಬಸಳೆಗೂ ಇದ್ದದ್ದು ಆ ಒಂದೇ ನೀರು. ಮೂಡುಬಿದಿರೆಯ ಶಾಲೆಯಲ್ಲಿ ಟೀಚರು ಇದೇ ಹುಳವನ್ನು ತೋರಿಸಿದ್ದರು. ಆದರೆ ಮದುವೆಯಾಗಿ ಬಂದಂದಿನಿಂದ ಅವಳು ಈ ಮನೆಯಲ್ಲಿ "ಹೂಂ" ಬಿಟ್ಟು ಬೇರೆ ಮಾತಾಡಿದ್ದೇ ಕಡಿಮೆ. ಡಬ್ಬದ ಮುಚ್ಚಳ ತಿರುಗುತ್ತಿತ್ತು.

"ಮಾವ, ನಿಲ್ಲಿ! ಅದು ಕಡಜ ಅಲ್ಲ, ಸೈನಿಕ ನೊಣ!"

ತನ್ನ ದನಿಗೆ ತಾನೇ ಬೆಚ್ಚಿದಳು.

"ಸೈನಿಕನಾ?" ಜತ್ತಪ್ಪ ನಕ್ಕರು. "ನಮ್ಮ ಕೆರೆಗೆ ಪಲ್ಟನ್ ಬಂದದ್ದು ಯಾವಾಗ ಮಾರಾಯ್ತಿ?"

"ನಿಮಗೆ ತಮಾಷೆ, ಬಾತುಕೊಂಡದ್ದು ನನ್ನ ಮುಖ!" ಎಂದರು ಪೂವಮ್ಮ.

ಲೋಲಾಕ್ಷಿ ದಂಡೆಯಲ್ಲಿ ಬಗ್ಗಿ, ಎಲೆಯ ಮೇಲಿದ್ದ ಒಂದು ನೊಣದ ಮುಂದೆ ಅಂಗೈ ಇಟ್ಟಳು. ಅದು ನಿಧಾನಕ್ಕೆ ಹತ್ತಿ ಕೂತಿತು.

"ಅತ್ತೆ, ಕಡಜಕ್ಕೆ ಸಪೂರ ಸೊಂಟ, ಎರಡು ಜೋಡಿ ರೆಕ್ಕೆ. ಇದಕ್ಕೆ ಒಂದೇ ಜೋಡಿ. ಕೊಂಡಿಯೇ ಇಲ್ಲ, ಕಚ್ಚುವುದು ಎಲ್ಲಿಂದ?"

"ಹಾಗಾದರೆ ಆ ಹುಳ?"

"ಇದರದ್ದೇ ಮಕ್ಕಳು. ಕೊಳೆತ ಎಲೆ, ಪಾಚಿ ತಿಂದುಕೊಂಡು ಉಂಟು. ಬಾಲದ ಕೂದಲು ನೋಡಿ, ನೀರಿನ ಮೇಲೆ ಹೂವಿನ ಹಾಗೆ ಬಿಡಿಸಿ ಉಸಿರು ತೆಗೆಯುತ್ತದೆ. ಮುಳುಗುವಾಗ ಮಡಚಿ ಗಾಳಿಯ ಗುಳ್ಳೆ ಕೊಂಡುಹೋಗುತ್ತದೆ."

ಅಷ್ಟರಲ್ಲಿ ಅಲುಗಾಡದೆ ತೇಲುತ್ತಿದ್ದ ಒಂದು ಹುಳದ ಬೆನ್ನು ಬಿರಿಯಿತು. ಒಳಗಿನಿಂದ ಮುದುಡಿದ ರೆಕ್ಕೆಯ ನೊಣವೊಂದು ತೆವಳಿ ಬಂದು, ತನ್ನದೇ ಚರ್ಮದ ಮೇಲೆ ದೋಣಿಯಲ್ಲಿ ಕೂತಂತೆ ಕೂತಿತು. ಮೂವರೂ ಬಗ್ಗಿ ನೋಡಿದರು. ರೆಕ್ಕೆ ಮೆಲ್ಲನೆ ಬಿಡಿಸಿಕೊಂಡಿತು: ಒಂದೇ ಜೋಡಿ.

ಪೂವಮ್ಮ ಅಳುಕುತ್ತಲೇ ಬೆರಳು ಚಾಚಿದರು. ನೊಣ ಅದರ ಮೇಲೆ ಒಂದಿಷ್ಟು ನಡೆದು ಹಾರಿಹೋಯಿತು.

"ಡಬ್ಬ ಹಿಡಿದು ಎಂಥ ನೋಡ್ತೀರಿ?" ಗಂಡನಿಗೆ ಗದರಿದರು. "ಒಳಗೆ ಇಡಿ."

ಮಡಲನ್ನು ಮಡಿಲಿಗೆಳೆದುಕೊಂಡು ಸೊಸೆಗೂ ಪಕ್ಕದಲ್ಲೇ ಜಾಗ ಬಿಟ್ಟರು.

"ಲೋಲಾಕ್ಷಿ, ಅಗೋ ಅಲ್ಲಿ ನೀರಿನ ಮೇಲೆ ಓಡುತ್ತದಲ್ಲ, ಉದ್ದ ಕಾಲಿನದ್ದು... ಅದು ಮುಳುಗುವುದಿಲ್ಲ ಯಾಕೆ?"

ಲೋಲಾಕ್ಷಿ ಸೆರಗು ಸಿಕ್ಕಿಸಿ ಕೂತಳು. ಆಚೆ ದಂಡೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳತೊಡಗಿದಳು.