ಸುಮ್ಮನಿರು ಎಂಬ ಆಜ್ಞೆ

ನನ್ನ ಬುದ್ಧಿಯನ್ನು ತಕ್ಕಡಿಯ ಒಂದು ತಟ್ಟೆಗೂ ಉಳಿದ ಲೋಕದ ಬುದ್ಧಿಯನ್ನು ಇನ್ನೊಂದಕ್ಕೂ ಹಾಕಿದರೆ, ಲೋಕ ಗಾಳಿಯಲ್ಲಿ ಜೋಕಾಲಿಯಾಡೀತು. ಇದು ನನ್ನ ಮಾತಲ್ಲ. ನಡೆದದ್ದು ಕೇಳಿದ ಮೇಲೆ ನೀವೇ ಹೇಳುವ ಮಾತು.

ನಮ್ಮ ಮಾವನವರದು ಬೇಕರಿ. ಅಲ್ಲಿ ಮೈದಾ ಮೂಟೆಗಳ ಪಕ್ಕದ ಮೇಜಿನ ಮೇಲೆ ಒಂದು ಕಂಪ್ಯೂಟರ್ ಇದೆ. ಕೀಲಿಮಣೆಯೇ ಅದರ ಮೈ, ಹಳೇ ಟೀವಿಯೇ ಮುಖ. ಡೈನೋಸಾರ್‌ಗಳು ಚಿಕ್ಕವರಿದ್ದಾಗ ಅದರಲ್ಲಿ ಆಟವಾಡಿದ್ದವು ಎಂದರೆ ನಂಬಲೇಬೇಕು. ಅದಕ್ಕೆ ತಿಳಿಯುತ್ತಿದ್ದದ್ದು ಒಂದೇ ಭಾಷೆ, ಹುಟ್ಟುವಾಗಲೇ ಒಂದು ಚಿಪ್‌ನಲ್ಲಿ ಹೊತ್ತು ತಂದದ್ದು. ಪ್ರತಿ ಸಾಲಿಗೂ ನಂಬರ್ ಕೊಡಬೇಕು. ಒಂದು ಕೆಲಸ ಹಿಡಿದಿರುವಾಗ ಇನ್ನೊಂದು ಹೇಳಿದರೆ ಕಿವಿಯೇ ಕೇಳಿಸದು.

ಆ ಭಾಷೆಯಲ್ಲಿ ಮಾವ ಜೀವಮಾನದಲ್ಲಿ ಒಂದೇ ಒಂದು ಪ್ರೋಗ್ರಾಂ ಬರೆದಿದ್ದರು. ಬ್ರೆಡ್ಡು ಓವನ್ನಿಗೆ ಹೋದೊಡನೆ ಕೀಲಿ ಒತ್ತುವುದು; ಯಂತ್ರ ಒಳಗೊಳಗೇ ಒಂದು, ಎರಡು, ಮೂರು ಎಂದು ಯಾವುದೋ ದೊಡ್ಡ ಅಂಕಿಯವರೆಗೆ ಎಣಿಸಿ ಕೀಂ ಎನ್ನುವುದು; ಬ್ರೆಡ್ಡು ಕೆಂಪಗೆ ಈಚೆ ಬರುವುದು. ಮಣಿಕಟ್ಟು ಸೋತು ಹಿಟ್ಟು ನಾದುವುದು ಬಿಟ್ಟ ಮೇಲೆ, ಬೇಕರಿಯಲ್ಲಿ ಅವರದು ಅಂತ ಉಳಿದದ್ದು ಆ ಯಂತ್ರ ಮತ್ತು ಅದರ ಮುಂದಿನ ಸ್ಟೂಲು.

ಈಗ ಅಂಗಡಿ ನಡೆಸುವವಳು ನನ್ನ ಹೆಂಡತಿ. ಅವಳು ಎರಡನೇ ಓವನ್ ತರಿಸಿದಳು.

“ಅಪ್ಪ, ನಿಮ್ಮ ಡಬ್ಬ ಎರಡು ಓವನ್ ನೋಡ್ಕೊಳ್ಳಲ್ಲ. ಎರಡಕ್ಕೂ ಹೊಸ ಟೈಮರ್ ಹಾಕಿಸ್ತೀನಿ. ಇದು ಗುಜರಿಗೆ ಹೋಗ್ಲಿ.”

ಮಾವ ಕೀಲಿಮಣೆಯ ಮೇಲಿನ ಹಿಟ್ಟಿನ ಧೂಳನ್ನು ಮೆಲ್ಲಗೆ ಊದಿದರು. “ಹಾಗಾದ್ರೆ ನಾನೂ ನಾಳೆಯಿಂದ ಮನೇಲೇ ಇರ್ತೀನಿ ಬಿಡಮ್ಮ.”

ಅವರ ದನಿಯಲ್ಲಿ ಕೋಪವಿದ್ದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಇರಲಿಲ್ಲ.

“ಒಂದು ವಾರ ಕೊಡು,” ಎಂದೆ ಹೆಂಡತಿಗೆ. “ಆ ಭಾಷೆಯನ್ನೇ ಹೊಸದು ಮಾಡ್ತೀನಿ. ಎರಡಲ್ಲ, ಇಪ್ಪತ್ತು ಓವನ್ ನೋಡ್ಕೊಳ್ಳುತ್ತೆ.”

“ರೀ, ಹೋದ ಸಲ ಮಿಕ್ಸರ್ ರಿಪೇರಿ ಮಾಡಿದ್ರಲ್ಲ, ಈಗಲೂ ಅದನ್ನ ಹಾಕಿದ್ರೆ ಅಂಗಡಿ ದೀಪ ಆರುತ್ತೆ.”

ಮಹಾಪುರುಷರನ್ನು ಅವರ ಕಾಲ ಯಾವಾಗ ಅರ್ಥಮಾಡಿಕೊಂಡಿದೆ?

ಆ ವಾರ ನಾನು ಮಾಡಿದ ಕೆಲಸವನ್ನು ದೊಡ್ಡ ಕಂಪನಿಯೊಂದು ಮಾಡಿದ್ದರೆ ಮೂರು ತಲೆಮಾರು ಹಿಡಿಯುತ್ತಿತ್ತು. ಸಾಲಿನ ನಂಬರ್‌ಗಳನ್ನು ಕಿತ್ತೊಗೆದೆ. ಒಂದೇ ಹೊತ್ತಿಗೆ ಎರಡು ಕೆಲಸ ಮಾಡುವುದನ್ನು ಕಲಿಸಿದೆ. ವ್ಯರ್ಥ ಕೆಲಸ ಕಂಡರೆ ದಾಟಿ ಹೋಗುವಷ್ಟು ಜಾಣತನ ತುಂಬಿದೆ. ಎಲ್ಲವನ್ನೂ ಹೊಸ ಚಿಪ್‌ಗೆ ಬರೆದು ಕೂರಿಸಿದೆ. ಹಳೇ ಚಿಪ್ ಕೀಳುವಾಗ ಅದರ ತಂತಿಯಂಥ ಎರಡು ಕಾಲು ಮುರಿದವು. ಹೋಗಲಿ, ಇನ್ನು ಅದು ಯಾರಿಗೆ ಬೇಕು ಎಂದುಕೊಂಡೆ.

ಪರೀಕ್ಷೆಯ ದಿನ ಮಾವ ತಮ್ಮ ಪ್ರೋಗ್ರಾಮನ್ನು ಒಂದೊಂದೇ ಬೆರಳಿನಲ್ಲಿ ಮತ್ತೆ ಟೈಪ್ ಮಾಡಿದರು. ಟ್ರೇ ಒಳಗಿಟ್ಟು ಬಾಗಿಲು ಮುಚ್ಚಿ ಕೀಲಿ ಒತ್ತಿದರು.

ಕೀಂ.

ಬೆರಳಿನ್ನೂ ಕೀಲಿಯ ಮೇಲೇ ಇತ್ತು. ಆದರೆ ಕೀಂ ಎಂದರೆ ತೆಗೆಯಬೇಕು. ಅಭ್ಯಾಸಬಲ, ಕೈ ತಾನಾಗಿ ಹೋಗಿ ಟ್ರೇ ಎಳೆಯಿತು. ಬಿಳೀ ಹಿಟ್ಟು ನಮ್ಮನ್ನೇ ನೋಡುತ್ತಿತ್ತು. ಮತ್ತೆ ಒಳಗಿಟ್ಟರು, ಒತ್ತಿದರು. ಕೀಂ. ಮತ್ತೆ ಎಳೆದರು.

“ಇಷ್ಟು ಬೇಗ ಬೇಯೋ ಬ್ರೆಡ್ಡು ನಾನು ಕಂಡಿಲ್ಲ,” ಎಂದಳು ಹೆಂಡತಿ.

ನನಗೆ ತಕ್ಷಣ ಹೊಳೆಯಿತು. ಮಾವನ ಎಣಿಕೆಯಿಂದ ಏನೂ ಹುಟ್ಟುವುದಿಲ್ಲ, ಬರೀ ಹೊತ್ತು ಹೋಗುತ್ತದೆ. ನನ್ನ ಜಾಣ ಭಾಷೆ ಅದನ್ನು ವ್ಯರ್ಥ ಎಂದು ಹಾರಿಸಿಬಿಟ್ಟಿತ್ತು.

“ಏನೂ ಮಾಡದೆ ಎಣಿಸ್ತಾ ಕೂರೋದನ್ನ ಅದು ಕೆಲಸ ಅಂತ ಒಪ್ಪಲ್ಲ, ಮಾವ.”

“ಏನೂ ಮಾಡದೆ ಕೂರೋದೂ ಕೆಲಸಾನೇ ಅಳಿಯಂದಿರೇ,” ಎಂದರು ಮಾವ. “ನಿಮಗೆ ಗೊತ್ತಿರ್ಬೇಕಿತ್ತು. ಎಷ್ಟೋ ವರ್ಷದಿಂದ ನಮ್ಮ ಅಂಗಡೀಲಿ ಅದನ್ನೇ ಮಾಡ್ತಿದೀರಿ.”

“ಎಷ್ಟು ನಿಮಿಷ ಬೇಯಬೇಕು, ಹೇಳಿ. ಬರೆದುಬಿಡ್ತೀನಿ.”

“ನಿಮಿಷ ನಾನೆಲ್ಲಿ ನೋಡಿದೆ? ಅದು ಎಣಿಸ್ತಿತ್ತು, ನಾನು ತೆಗೀತಿದ್ದೆ.”

ಆ ಎಣಿಕೆಗೆ ಎಷ್ಟು ಹೊತ್ತು ಹಿಡಿಯುತ್ತಿತ್ತೆಂದು ತೋರಿಸಬಲ್ಲ ಹಳೇ ಚಿಪ್ ಕುಂಟಾಗಿ ಡಬ್ಬಿಯಲ್ಲಿ ಮಲಗಿತ್ತು. ಹೆಂಡತಿ ಫೋನು ತೆಗೆದಳು. ಗುಜರಿಯವನ ನಂಬರ್ ಹುಡುಕತೊಡಗಿದಳು. ಮಾವ ಸ್ಟೂಲಿನಿಂದ ಎದ್ದರು.

“ಕೂತ್ಕೊಳ್ಳಿ ಮಾವ,” ಎಂದೆ. “ಈ ಯಂತ್ರ ಎಣಿಸೋದಕ್ಕೆ ಮುಂಚೆ ಹೇಗೆ ತೆಗೀತಿದ್ರಿ?”

“ವಾಸನೆ ನೋಡಿ.”

ಅಲ್ಲೇ ನಿಂತು ನನ್ನ ಭಾಷೆಗೆ ಇನ್ನೊಂದು ಆಜ್ಞೆ ಸೇರಿಸಿದೆ: ಸುಮ್ಮನಿರು. ಮೊದಲ ಸಲ, ಇನ್ನೊಮ್ಮೆ ಕೀಲಿ ಒತ್ತುವವರೆಗೆ ಸುಮ್ಮನಿರಬೇಕು. ಎಷ್ಟು ಹೊತ್ತು ಇದ್ದೆ ಎಂದು ನೆನಪಿಟ್ಟುಕೊಂಡು, ಮುಂದೆ ತಾನಾಗಿ ಅಷ್ಟೇ ಹೊತ್ತು ಇರಬೇಕು. ಓವನ್ನಿಗೊಂದು ಮೌನ.

ಮಾವ ಕಣ್ಣು ಮುಚ್ಚಿ ಎರಡು ಓವನ್‌ಗಳ ನಡುವೆ ಕೂತರು. ನಾನು ಮಾತಾಡಲಿಲ್ಲ, ಇತಿಹಾಸದಲ್ಲಿ ಇದೂ ದಾಖಲಾಗಲಿ. ಹಿಟ್ಟಿನ ಹುಳಿ ವಾಸನೆ ಮೆಲ್ಲಗೆ ಸಿಹಿಯಾಯಿತು, ಆಮೇಲೆ ಹುರಿದ ಘಮವಾಯಿತು.

“ಇದು ಈಗ,” ಎಂದರು. ಒತ್ತಿದೆ. ಸ್ವಲ್ಪ ಹೊತ್ತಿನ ಮೇಲೆ, “ಅದೂ ಈಗ.”

ಮುಂದಿನ ಜೊತೆ ಟ್ರೇಗಳನ್ನು ಯಂತ್ರವೇ ಕಾಯಿತು. ಒಂದು ಕೀಂ, ತಡೆದು ಇನ್ನೊಂದು ಕೀಂ. ಹೆಂಡತಿ ಎರಡೂ ಟ್ರೇಯಿಂದ ಒಂದೊಂದು ಬ್ರೆಡ್ಡು ಮುರಿದು ನೋಡಿದಳು, ತಳ ತಟ್ಟಿದಳು, ಫೋನು ಜೇಬಿಗೆ ಹಾಕಿದಳು.

“ಅಪ್ಪ, ನಾಳೆ ಬೇಗ ಬನ್ನಿ. ಬನ್ನು ಬೇಯಿಸೋದನ್ನೂ ಇದಕ್ಕೆ ಕಲಿಸ್ಬೇಕು.” ಆಮೇಲೆ ನನ್ನ ಕಡೆ ತಿರುಗಿದಳು. “ರೀ, ಆ ಸುಮ್ಮನಿರು ಅನ್ನೋದು ಮನುಷ್ಯರಿಗೂ ಹಾಕಬಹುದಾ?”

“ಬೇಡ ಮಗಳೇ,” ಎಂದರು ಮಾವ, ಸ್ಟೂಲನ್ನು ಯಂತ್ರದ ಹತ್ತಿರಕ್ಕೆ ಎಳೆದುಕೊಳ್ಳುತ್ತ. “ಹಳೇದನ್ನ ಕೀಳುವಾಗ ಕಾಲು ಮುರಿಯುತ್ತೆ.”