ಹೆಬ್ಬಟ್ಟಿನ ಸಾಕ್ಷಿ

"ಲೇ ಗುಂಗುರು ತಲಿ, ಮತ್ತೊಮ್ಮೆ ಹೇಳ. ಮಾಬೂಸಾಬನ್ನ ಎಷ್ಟ ಗಂಟೆಕ್ಕ ನೋಡಿದಿ?"

ಫಾರೆಸ್ಟರ್ ಕಿರಣಕುಮಾರ ತನ್ನ ಆಫೀಸಿನಲ್ಲಿ ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಕೇಳಿದ. ನನ್ನ ಗಂಡ ಫಿಲಿಪ್ ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ಅವನೆದುರು ನಿಂತಿದ್ದ.

"ಮುಂಜಾನೆ ಆರಕ್ಕ ಇರಬೇಕ್ರಿ."

"ಇರಬೇಕಂತ, ಇರಬೇಕು. ಬೋಳಿಮಗನ, ಕೋರ್ಟಿನಾಗ ಹಿಂಗಂದ್ರ ಅವರ ವಕೀಲ ನಿನ್ನ ಚಡ್ಡಿ ಬಿಚ್ಚತಾನ. ಐದೂವರಿ. ಎಷ್ಟ?"

"ಐದೂವರಿ."

"ಅವನ ಕೈಯಾಗ ಏನಿತ್ತು?"

ಫಿಲಿಪ್ ನೆಲ ನೋಡತೊಡಗಿದ. ಅವನು ನೆಲ ನೋಡಲು ಶುರು ಮಾಡಿದನೆಂದರೆ ಕೆಸರಲ್ಲಿ ಮಲಗಿದ ಎಮ್ಮೆಯೇ ಸರಿ, ಯಾರು ಎಬ್ಬಿಸಿದರೂ ಏಳುವುದಿಲ್ಲ. ನನಗೆ ತಡೆಯಲಾಗಲಿಲ್ಲ. ಬಾಗಿಲ ಬಳಿ ನಿಂತಿದ್ದ ನಾನೇ ಬಾಯಿ ಹಾಕಿದೆ.

"ಕೈಯಾಗ ಕೊಡ್ಲಿ ಇತ್ರಿ. ಸಾಗವಾನಿ ಗಿಡ ಕಡದು ಕೆಡವಿದ್ದ. ನಮ್ಮನ್ನ ನೋಡಿ ಓಡಿದ. ಸಾಹೇಬ್ರು ಬೆನ್ನ ಹತ್ತಿ ಹಿಡದ್ರು. ನಮ್ಮ ಮುಂದ ಪಂಚನಾಮೆ ಬರದ್ರು, ಓದಿ ಹೇಳಿದ್ರು. ಖರೆ ಐತಿ ಅಂತ ನಾವು ಸಹಿ ಮಾಡಿದ್ವಿ."

ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಚಿಕ್ಕಂದಿನಲ್ಲಿ ಸಿಸ್ಟರ್ ಕಲಿಸಿದ ಜಪಗಳನ್ನೂ ಹೀಗೇ ಒಪ್ಪಿಸುತ್ತಿದ್ದೆ. ಕಿರಣಕುಮಾರ ತೊಡೆ ತಟ್ಟಿಕೊಂಡು ನಕ್ಕ.

"ನೋಡಲೇ, ಹೆಬ್ಬಟ್ಟಿನಾಕಿ ನಿನಗಿಂತ ಶ್ಯಾಣೇಕಿ ಅದಾಳ. ಇಕಿ ಕಡೆ ಪಾಠ ಹೇಳಿಸ್ಕೊ. ಗುರುವಾರ ಕೋರ್ಟು. ಅಲ್ಲಿ ತೊದಲಿದಿ ಅಂದ್ರ ಶುಕ್ರವಾರದಿಂದ ಗೇಟಿನ ಕಡೆ ಹಾಯಬ್ಯಾಡ."

ನನಗೆ ಒಳಗೊಳಗೇ ಹೆಮ್ಮೆಯಾಯಿತು. ಈಗ ಹೇಳಿಕೊಳ್ಳಲು ನಾಚಿಕೆ, ಆದರೆ ಆದದ್ದು ಹೌದು.

ಫಿಲಿಪ್ ಅರಣ್ಯದ ಗೇಟಿನಲ್ಲಿ ದಿನಗೂಲಿ. ಹನ್ನೊಂದು ವರ್ಷದಿಂದ ಆ ಗಳ ಎತ್ತಿ ಇಳಿಸುತ್ತಿದ್ದ. ನಮ್ಮ ಸಿದ್ದಿ ಜನರ ವಾಡದಲ್ಲಿ, ಕಾಡಂಚಿನ ಈ ಕೇರಿಯಲ್ಲಿ, ನೆಟ್ಟಗೆ ಸಹಿ ಹಾಕುವ ಗಂಡಸರು ಆಗ ಇಬ್ಬರೋ ಮೂವರೋ. ಇವನದು ಚೆಂದದ ಸಹಿ, ಕೊನೆಯಲ್ಲಿ ಬಾಲ ಬೇರೆ. ಹಾಗಾಗಿ ಕಾಡಿನಲ್ಲಿ ಯಾರು ಸಿಕ್ಕಿಬಿದ್ದರೂ ಸಾಕ್ಷಿ ಪಂಚರ ಜಾಗದಲ್ಲಿ ಇವನ ಸಹಿ ಬೀಳುತ್ತಿತ್ತು. ಸಹಿ ಹಾಕುವಾಗ ಕಾಗದ ಖಾಲಿ, ಆಮೇಲೆ ಅವರು ತುಂಬಿಕೊಳ್ಳುತ್ತಿದ್ದರು. ಗಳ ಎತ್ತುವ ಹಾಗೆ ಇದೂ ಒಂದು ಕೆಲಸ ಎಂದು ಈ ಪುಣ್ಯಾತ್ಮ ತಿಳಿದಿದ್ದ. ನಾನೂ ಹಾಗೇ ತಿಳಿದಿದ್ದೆ.

ಪಂಚರು ಇಬ್ಬರು ಬೇಕು. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಒಂದು ಮಧ್ಯಾಹ್ನ ನಾನು ಗೇಟಿಗೆ ರೊಟ್ಟಿ ಒಯ್ದಾಗ ಇನ್ನೊಬ್ಬ ಬಂದಿರಲಿಲ್ಲ. "ಬಾ ಇಲ್ಲೆ, ಹೆಬ್ಬಟ್ಟೊತ್ತು" ಎಂದ ಕಿರಣಕುಮಾರ. ಕಟ್ಟೆಯ ಮೇಲೆ ಪಕ್ಕದ ಮನೆಯ ಮಾಬೂಸಾಬ ಕೈಕಟ್ಟಿ ಕೂತಿದ್ದ, ಅವನ ತುಟಿ ಒಡೆದಿತ್ತು. ಫಿಲಿಪ್ ಪೆನ್ನು ಹಿಡಿದು ಸುಮ್ಮನೆ ನಿಂತಿದ್ದ. "ಮಾಡೋ ಮಾರಾಯಾ, ಮನಿಗೆ ಹೋಗೂಣು" ಎಂದು ಅವಸರ ಮಾಡಿದವಳು ನಾನೇ. ಅವನು ಸಹಿ ಹಾಕಿದ, ನಾನು ಒತ್ತಿದೆ. ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡು ಮನೆಗೆ ಬಂದೆ.

ಆ ಗಿಡ ಯಾರು ಕಡಿದದ್ದು ಎಂದು ಇಡೀ ವಾಡಕ್ಕೆ ಗೊತ್ತು. ಹಿಂದಿನ ದಿನ ಹಾಡಹಗಲೇ ಲಾರಿ ಬಂದು ಮೂರು ದಿಮ್ಮಿ ಹೇರಿಕೊಂಡು ಹೋಗಿತ್ತು. ಸಾಹುಕಾರ ಮಹಾಂತಪ್ಪ ಹೊಸ ಮನೆ ಕಟ್ಟಿಸುತ್ತಿದ್ದ, ಬಾಗಿಲು ಕಿಟಕಿ ಎಲ್ಲ ಸಾಗವಾನಿಯದೇ ಆಗಬೇಕಂತೆ. ಮಾಬೂಸಾಬ ಮರುದಿನ ಅವರು ಬಿಟ್ಟುಹೋದ ಟೊಂಗೆ ಸವರಿ ತರಲು ಕೊಡಲಿ ಹಿಡಿದು ಹೋದ. ಬಿದ್ದ ಟೊಂಗೆ ಒಲೆಗಾದೀತು ಎಂದುಕೊಂಡ ಬೆಪ್ಪ. ಸಾಹೇಬರಿಗೆ ಒಬ್ಬ ಕಳ್ಳ ಬೇಕಿತ್ತು, ಕೊಡಲಿ ಸಮೇತ ಸಿಕ್ಕ. ಜಾಮೀನು ನಿಲ್ಲಲು ಹೊಲ ಇದ್ದವರು ಬೇಕಂತೆ. ಸಿದ್ದಿಗೆ ಹೊಲ ಇದ್ದವರು ಯಾರು ನಿಲ್ಲುತ್ತಾರೆ? ಎಂಟು ತಿಂಗಳಿಂದ ಸಬ್‌ಜೈಲಿನಲ್ಲಿದ್ದ. ಅವರು ನಮಾಜಿನವರು, ನಾವು ಇಗರ್ಜಿಯವರು. ಆದರೆ ಅವನ ಅಜ್ಜಿ, ನನ್ನ ಅಜ್ಜಿ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು.

ಆ ಭಾನುವಾರ ಇಗರ್ಜಿಯಲ್ಲಿ ಪರಮಪ್ರಸಾದಕ್ಕೆ ಎಲ್ಲರೂ ಎದ್ದರು, ಫಿಲಿಪ್ ಏಳಲಿಲ್ಲ. ಎಂಟು ತಿಂಗಳಿಂದ ಎದ್ದಿರಲಿಲ್ಲ. ಪಾಪ ಹೊತ್ತವರು ಪ್ರಸಾದ ಮುಟ್ಟಬಾರದು ಎಂಬುದು ನಮ್ಮಲ್ಲಿ ಕಟ್ಟಳೆ. ನಮ್ಮದು ನಲವತ್ತು ಮನೆಯ ಇಗರ್ಜಿ, ಯಾರು ಕೂತೇ ಉಳಿದರು ಎಂಬುದು ಎಲ್ಲರಿಗೂ ಕಾಣುತ್ತದೆ. ಹೆಂಗಸರು ತಮಗೆ ತಿಳಿದದ್ದನ್ನು ಆಡಿಕೊಂಡರು. ಕುಡಿಯುತ್ತಾನಂತೆ ಎಂದು ಒಬ್ಬಳು, ಮೆಕ್ಕೆಜೋಳ ಮುರಿಯಲು ಹೋದಾಗ ಟಿಬೆಟನ್ ಕಾಲೊನಿಯ ಹತ್ತಿರ ಯಾವಳನ್ನೋ ಇಟ್ಟುಕೊಂಡಿದ್ದಾನಂತೆ ಎಂದು ಇನ್ನೊಬ್ಬಳು. ನಾನು ಮಾತ್ರ ಪ್ರತಿ ವಾರ ತಲೆಯ ಮೇಲೆ ಸೆರಗು ಹೊದ್ದು ಹೋಗಿ ಪ್ರಸಾದಕ್ಕೆ ನಾಲಗೆ ಚಾಚುತ್ತಿದ್ದೆ.

ದಾರಿಯಲ್ಲಿ ಜಗಳ ತೆಗೆದೆ.

"ನೀ ಏಳದಿದ್ರ ಮಂದಿ ನನ್ನ ಮಾರಿ ನೋಡ್ತಾರ. ಏನ್, ಕೊಲಿ ಮಾಡಿಯೇನು?"

"ಹೌದು, ಮಾಡಾಕತ್ತೇನಲ್ಲ."

"ಪಾಪನಿವೇದನಿ ಮಾಡಿದಿ. ಫಾದರ್ ಕ್ಷಮಿಸ್ಯಾರ. ಮುಗೀತಲ್ಲ."

"ಫಾದರ್ ಕ್ಷಮಿಸ್ಯಾರ. ಜೈಲಿನಾಗ ಕುಂತಾವ್ರು ಫಾದರ್ ಏನು?"

"ಹಂಗಾರ ಗುರುವಾರ ಏನ ಹೇಳ್ತಿ?"

"ಗೊತ್ತಿಲ್ಲ ಮಾರ್ಥಾ."

"ಗೇಟ್ ಹೋದ್ರ ಏನ ತಿಂತಿ? ಪ್ರಸಾದ ತಿಂದು ಹೊಟ್ಟಿ ತುಂಬತೈತೇನು?"

ಮಾತು ಬಾಯಿಂದ ಬಿದ್ದ ಮೇಲೆ ಹೆದರಿಕೆಯಾಯಿತು. ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡೆ. ಫಿಲಿಪ್ ತಿರುಗಿಯೂ ನೋಡದೆ ಮುಂದೆ ನಡೆದ.

ಸೋಮವಾರ ಫಾದರ್ ಮನೆಗೆ ಬಂದರು. ಅವರು ಕೆಟ್ಟವರಲ್ಲ. ಜ್ವರ ಬಂದವರನ್ನು ತಮ್ಮ ಬೈಕಿನ ಮೇಲೆ ಕೂರಿಸಿಕೊಂಡು ದಾಂಡೇಲಿಯ ದವಾಖಾನೆಗೆ ಒಯ್ದವರು. ಆದರೆ ಅಂಜುಬುರುಕರು. ಕರಿ ಚಹಾ ಊದಿ ಊದಿ ಕುಡಿಯುತ್ತ ಹೇಳಿದರು.

"ಫಿಲಿಪ್, ಸ್ವಲ್ಪ ವಿಚಾರ ಮಾಡ್ರಿ. ನಮ್ಮ ಸ್ಮಶಾನದ ಜಾಗದ ಫೈಲ್ ಫಾರೆಸ್ಟಿನವರ ಆಫೀಸಿನಾಗ ಐತಿ. ಆರು ವರ್ಷ ಆತು. ಸತ್ತವರನ್ನ ಇನ್ನೂ ಹಳ್ಳದ ದಂಡ್ಯಾಗ ಹುಗಿಯಾಕತ್ತೇವಿ."

"ನಾ ಸುಳ್ಳ ಹೇಳಬೇಕೇನ್ರಿ ಫಾದರ್?"

"ನಾ ಹಂಗ ಅಂದಿಲ್ಲಪಾ."

"ಮತ್ತೇನ ಅಂದ್ರಿ?"

ಫಾದರ್ ಅರ್ಧ ಚಹಾ ಬಿಟ್ಟು ಎದ್ದರು. ನಿಮಗೋಸ್ಕರ ಪ್ರಾರ್ಥನೆ ಮಾಡುತ್ತೇನೆ ಎಂದು ಹೇಳಿ ಬೈಕು ಹತ್ತಿದರು. ಫಾದರೇ ಇಷ್ಟು ಹೇಳಿದ ಮೇಲೆ ಇವನದೇನು ಹೆಚ್ಚುಗಾರಿಕೆ ಎಂದು ನಾನು ಆ ಸಂಜೆಯೆಲ್ಲ ಗೊಣಗಿದೆ.

ಬುಧವಾರ ಮಾಬೂಸಾಬನ ಹೆಂಡತಿ ಶಬನಮ್ ಜೊತೆ ನಮ್ಮ ಅಂಗಳದಲ್ಲಿ ಕೌದಿ ಹೊಲಿಯುತ್ತಿದ್ದೆ. ಎರಡೂ ಮನೆಯ ಹಳೆ ಸೀರೆಗಳ ತುಂಡು, ಅವಳು ಆ ಅಂಚಿನಿಂದ, ನಾನು ಈ ಅಂಚಿನಿಂದ. ಅವಳು ತಲೆ ಎತ್ತದೆ ಕೇಳಿದಳು.

"ಮಾರ್ಥಕ್ಕ, ಕಾಗದದ ಮ್ಯಾಲ ನಿನ್ನ ಹೆಬ್ಬಟ್ಟೂ ಐತಂತ. ನಮ್ಮ ವಕೀಲ ಹೇಳಿದ."

ನನ್ನ ಸೂಜಿ ನಿಂತಿತು.

"ಒತ್ತು ಅಂದ್ರು, ಒತ್ತಿದೆ. ನನಗೇನು ಓದಾಕ ಬರ್ತೈತಿ?"

"ಐದೂವರಿಗೆ ನೀ ಕಾಡಿನಾಗ ನಿಂತು ನೋಡಿದಿ ಅಂತ ಬರದೈತಂತ. ಅವತ್ತ ಐದೂವರಿಗೆ ನೀನೂ ನಾನೂ ಹಳ್ಳದಾಗ ನೀರ ತುಂಬಾಕತ್ತಿದ್ವಿ. ನೆನಪೈತೇನು?"

"ಐತಿ."

ಅವಳು ದಾರವನ್ನು ಹಲ್ಲಿನಿಂದ ಕಡಿದು, ಸೂಜಿಯನ್ನು ಕೌದಿಯಲ್ಲೇ ಚುಚ್ಚಿಟ್ಟು ಎದ್ದುಹೋದಳು. ಬೈದಿದ್ದರೆ ನಾನೂ ಬೈಯಬಹುದಿತ್ತು. ಕೂದಲು ಹಿಡಿದು ಎಳೆದಾಡಿದ್ದರೂ ಚೆನ್ನಾಗಿತ್ತು. ಅಲ್ಲಿಂದ ಕೂತಲ್ಲಿ ಕೂಡಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದೆ. ಕೋಳಿಗಳಿಗೆ ಬೈದೆ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಫಿಲಿಪ್ ಅದನ್ನೇ ಉಂಡ, ಏನೂ ಅನ್ನಲಿಲ್ಲ. ಅದಕ್ಕೂ ಸಿಟ್ಟು ಬಂತು.

ಗುರುವಾರ ಮೊದಲ ಬಸ್ಸಿಗೆ ಹಳಿಯಾಳಕ್ಕೆ ಹೋದೆವು. ಕೋರ್ಟಿನ ಜವಾನ ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಲು ಹೇಳಿ ಫಿಲಿಪ್‌ನನ್ನು ಒಳಗೆ ಕರೆದ. ಸೆಕೆಗೆ ಬಾಗಿಲು ತೆರೆದೇ ಇಟ್ಟಿದ್ದರು, ಮಾತೆಲ್ಲ ಕೇಳುತ್ತಿತ್ತು.

"ಈ ಸಹಿ ನಿಂದೇನಪಾ?" ಸರ್ಕಾರಿ ವಕೀಲರ ದನಿ.

"ನಂದರಿ."

"ಆರೋಪಿ ಗಿಡ ಕಡಿಯೂದನ್ನ ನೋಡಿದಿ?"

ಮತ್ತೆ ನೆಲ ನೋಡುತ್ತಿದ್ದಾನೆ ಎಂದುಕೊಂಡೆ.

"ಇಲ್ರಿ. ಖಾಲಿ ಕಾಗದಕ್ಕ ಸಹಿ ಮಾಡೇನ್ರಿ."

"ಏನಂದಿ?"

"ಇದೊಂದಕ್ಕ ಅಲ್ರಿ. ಹನ್ನೊಂದು ವರ್ಷದಿಂದ ಹಂಗ ಮಾಡೇನಿ. ಗೌಳಿವಾಡದ ಧೋಂಡು, ಕುಣಬಿ ಸೋಮಾ, ಹಿಂಗ ಸಿಕ್ಕಿಬಿದ್ದ ಯಾರೂ ಕಡಿಯೂದನ್ನ ನಾ ನೋಡಿಲ್ರಿ."

"ಕೇಳಿದ್ದಕ್ಕಷ್ಟೇ ಉತ್ತರ ಕೊಡಪ್ಪ," ಜಡ್ಜ್ ಅಮ್ಮನವರು ಹೇಳಿದರು. "ಸುಳ್ಳು ಪಂಚನಾಮೆಗೆ ಸಹಿ ಹಾಕಿದವರಿಗೂ ಶಿಕ್ಷೆ ಇದೆ, ಗೊತ್ತಿದೆಯಾ?"

"ಗೊತ್ತಿರಲಿಲ್ರಿ. ಇರ್ಲಿರಿ."

ಕಿರಣಕುಮಾರ ಒಳಗಿನಿಂದ ಸರಸರ ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತ. ಸಿದ್ದಿ ಹೆಂಗಸಿನ ಪಕ್ಕ ಅವನು ಕೂತದ್ದು ಅದೇ ಮೊದಲಿರಬೇಕು.

"ಮಾರ್ಥವ್ವ, ನಿನ್ನ ಗಂಡಗ ತಲಿ ಕೆಟ್ಟೈತಿ. ನೀನರ ಸರಿಯಾಗಿ ಹೇಳು, ಒಂದ ಸಾಕ್ಷಿ ಸಾಕು. ಗೇಟಿನ ಕೆಲಸ ನಿನಗ ಕೊಡ್ತೇನಿ." ದನಿ ತಗ್ಗಿಸಿದ. "ಇಲ್ಲಂದ್ರ, ನಿಮ್ಮ ಮನಿ ನಿಂತಿರೂದು ಕಾಡಿನ ಜಾಗದಾಗ. ಸೋಮವಾರ ಜೆಸಿಬಿ ತರ್ತೇನಿ. ಗ್ವಾಡಿ ಬೀಳಾಕ ಹತ್ತು ಮಿನಿಟ್ ಬೇಕಾಗೂದಿಲ್ಲ."

ನನ್ನವ್ವ ಕಟ್ಟಿದ ಮನೆ ಅದು. ಮಣ್ಣು ತುಳಿದದ್ದು ನಾನು.

ಫಿಲಿಪ್ ಹೊರಗೆ ಬಂದ. ನನ್ನನ್ನು ನೋಡಿದ. ಹೀಗೆ ಹೇಳು ಎನ್ನಲಿಲ್ಲ, ಹಾಗೆ ಹೇಳು ಎಂದೂ ಅನ್ನಲಿಲ್ಲ. ತಾನು ಹೇಳಿ ಹಗುರಾಗಿ ಬಂದಿದ್ದ ಗಂಡಸು. ಅವನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಅಳು ಬಂತು. ಅಷ್ಟರಲ್ಲಿ ಜವಾನ ನನ್ನ ಹೆಸರು ಕೂಗಿದ.

ಕಟಕಟೆ ನನ್ನ ಎದೆಯ ಎತ್ತರಕ್ಕಿತ್ತು. ಮೂಲೆಯಲ್ಲಿ ಪೊಲೀಸನ ಪಕ್ಕ ಮಾಬೂಸಾಬ ನಿಂತಿದ್ದ. ತಲೆ ಬೋಳಿಸಿದ್ದರು, ಅಂಗಿ ಮೊಳೆಗೆ ಹಾಕಿದಂತೆ ಜೋತಿತ್ತು. ಅವನು ನನ್ನತ್ತ ನೋಡಲಿಲ್ಲ. ಹಿಂದಿನ ಬೆಂಚಿನಲ್ಲಿ ಶಬನಮ್ ಇದ್ದಳು, ಅವಳೂ ನೋಡಲಿಲ್ಲ. ದೇವರ ಮೇಲೆ ಆಣೆ ಮಾಡಿ ಖರೆ ಹೇಳುತ್ತೇನೆ ಅನ್ನು ಎಂದರು. ಅಂದೆ. ಪ್ರತಿ ವಾರ ಚಾಚಿದ ನಾಲಗೆಯೇ ಅದನ್ನು ಅಂದಿತು.

ಸರ್ಕಾರಿ ವಕೀಲರು ಹತ್ತಿರ ಬಂದು ಮೆತ್ತಗೆ ಕೇಳಿದರು.

"ಅವ್ವಾ, ಹೆದರಬ್ಯಾಡ. ಆ ಗಿಡ ಒಯ್ದ ಕಳ್ಳನ್ನ ನೀ ಕಣ್ಣಾರೆ ನೋಡಿದಿ?"

"ನೋಡೇನ್ರಿ."

ಶಬನಮ್ ಮುಖಕ್ಕೆ ಸೆರಗು ಒತ್ತಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಫಿಲಿಪ್ ಗೋಡೆ ಹಿಡಿದುಕೊಂಡ. ಅವನ ಪಕ್ಕದಲ್ಲಿ ಕಿರಣಕುಮಾರ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ. ವಕೀಲರ ಮುಖ ಅರಳಿತು.

"ಶ್ಯಾಣೇಕಿ. ಅಂವ ಈಗ ಇಲ್ಲಿ ಇದ್ರ ಕೈ ಮಾಡಿ ತೋರಸು."

ನಾನು ಕೈ ಎತ್ತಿದೆ. ಮೂಲೆಯ ಕಡೆಗಲ್ಲ, ಬಾಗಿಲ ಕಡೆಗೆ.

"ಅವರ್ರಿ. ಕಿರಣಕುಮಾರ ಸಾಹೇಬ್ರು. ಹಗಲ ಹನ್ನೆರಡಕ್ಕ ಜೀಪಿನಾಗ ಮುಂದ ಕುಂತು ಲಾರಿಗೆ ದಾರಿ ತೋರಸ್ಕೋತ ಬಂದ್ರು. ನಾ ಸೌದಿ ಹೊರಿ ಹೊತ್ತು ದಾರಿ ಬಿಟ್ಟು ನಿಂತಿದ್ದೆ. ನನಗ 'ಆಚಿ ಸರಿಯೇ ಹಲ್ಕಟ್' ಅಂದ್ರು. ಮೂರು ದಿಮ್ಮಿ ಹೋದುವು, ಮಹಾಂತಪ್ಪ ಸಾಹುಕಾರರ ಮನಿಗೆ."

"ಅದನ್ನ ಬರೀಬ್ಯಾಡ," ಎಂದರು ವಕೀಲರು ಟೈಪ್ ಮಾಡುವವಳಿಗೆ. ಅವಳ ಕೈ ನಿಂತಿತು. ಅವಳು ಜಡ್ಜ್ ಅಮ್ಮನವರನ್ನು ನೋಡಿದಳು. ಅಮ್ಮನವರು ಕನ್ನಡಕ ತೆಗೆದು ನನ್ನನ್ನು ನೋಡುತ್ತಿದ್ದರು. ಎತ್ತಿದ ಕೈ ನೋಯತೊಡಗಿತ್ತು, ಇಳಿಸಲಿಲ್ಲ.

"ಬರ್ಕೋರಿ," ಎಂದೆ. "ನನಗ ಓದಾಕ ಬರೂದಿಲ್ರಿ. ಎಲ್ಲಾ ಬರ್ಕೊಂಡು, ಇಲ್ಲೇ ಎಲ್ಲಾರ ಮುಂದ ಗಟ್ಟಿಯಾಗಿ ಓದಿ ಹೇಳ್ರಿ. ಆಮ್ಯಾಲ ಹೆಬ್ಬಟ್ಟ ಒತ್ತತೇನಿ."