ಏಡಿಗಳು ಇಳಿದ ಬೆಳಗು

"ನಿಲ್ಲಿಸಿ! ಅಣ್ಣಾ, ಗಾಡಿ ನಿಲ್ಲಿಸಿ!"

ಕ್ಯಾಬಿನ್ನುಗಳ ಸಾಲಿನ ಕಡೆಯಿಂದ ಕೀಲಿಯಕ್ಕ ಕೂಗುತ್ತ ಓಡಿಬಂದಳು. ಒಂದು ಕೈಯಲ್ಲಿ ಉದ್ದ ಹಿಡಿಯ ಪೊರಕೆ, ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದ ಸೆರಗು. ಹನ್ನೊಂದು ಮರದ ಕ್ಯಾಬಿನ್ನುಗಳ ಕೀಲಿಗೊಂಚಲು ಸೊಂಟದಲ್ಲಿ ಎಗರಾಡುತ್ತಿತ್ತು. ಆ ತಂಗುದಾಣವನ್ನು ನೋಡಿಕೊಳ್ಳುವ ಅವಳಿಗೆ ಬಂದವರೆಲ್ಲ ಇಟ್ಟ ಹೆಸರು ಅದೇ. ಗಾಡಿ ಒಂದು ಮಾರು ಮುಂದೆ ಉರುಳಿ, ಕೆಮ್ಮಿ, ನಿಂತಿತು.

ಡ್ರೈವರಣ್ಣ ಕಿಟಕಿಯಿಂದ ತಲೆ ಹೊರಹಾಕಿದ. "ಏನಮ್ಮಾ ಬೆಳಬೆಳಗ್ಗೆ? ದಾರಿ ಮೇಲೆ ಹೂ ಉದುರಿದ್ರೆ ಗಾಡಿ ಓಡಿಸಬಾರದು ಅಂತ ಏನಾದ್ರೂ ಕಾನೂನು ಮಾಡಿದೀರಾ?"

"ಹೂವಾ? ಯಾವ ಹೂವು?" ಎಂದಳು ಕೀಲಿಯಕ್ಕ.

ಗಾಡಿ ದಾರಿಗೆ ಬಂದ ಮೇಲೆ ಹತ್ತಲೆಂದು ಹಿಂದೆ ಉಳಿದು, ರಾತ್ರಿ ಗಾಡಿಗೆ ಎಳೆದಿದ್ದ ಕರೆಂಟಿನ ಕೇಬಲ್ ಸುತ್ತುತ್ತಿದ್ದ ಅವನ ಹೆಂಡತಿ ಬಗ್ಗಿದವಳು ಬಗ್ಗಿದಂತೆಯೇ ದಾರಿಯ ಕಡೆ ನೋಡಿದಳು. ಕಾಡಿನಿಂದ ಸಮುದ್ರದ ತನಕ ನೆಲವೆಲ್ಲ ಕೆಂಪಾಗಿತ್ತು. ಆ ಕೆಂಪು ಹರಿಯುತ್ತಿತ್ತು. ಅಂಗೈಯಗಲದ ಏಡಿಗಳು ಒಂದರ ಮೈಗೆ ಒಂದು ತಾಗಿಕೊಂಡು, ಬೇರುಗಳನ್ನು ಹತ್ತಿ ಇಳಿದು, ಕ್ಯಾಬಿನ್ನುಗಳ ಮೆಟ್ಟಿಲು ಹತ್ತಿ ಜಗಲಿಯಿಂದ ದುಡುಮ್ಮನೆ ಬಿದ್ದು, ಮತ್ತೆ ಎದ್ದು ನಡೆಯುತ್ತಿದ್ದವು. ಎಣಿಸುವ ಮಾತೇ ಇರಲಿಲ್ಲ. ಗಾಡಿಯ ಮುಂದಿನ ಚಕ್ರಕ್ಕೂ ಆ ಹರಿವಿಗೂ ನಡುವೆ ಒಂದು ಗೇಣು ಉಳಿದಿತ್ತು.

ಅವಳ ಕೈಯಿಂದ ಕೇಬಲ್ಲಿನ ಸುರುಳಿ ಸಡಿಲವಾಗಿ ಜಾರಿತು. ಏಡಿಗಳನ್ನು ನೋಡಿ ಬಾಯಿ ತೆರೆದವಳಿಗೆ ಮರುಗಳಿಗೆಯಲ್ಲೇ ಗಂಡನ ಮಾತು ನೆನಪಾಗಿ ಬಾಯಿ ಮುಚ್ಚಿತು. ಹೂ ಅಂದರಲ್ಲ.

ಮೂವತ್ತೊಂದು ವರ್ಷ ಬಸ್ಸು ಓಡಿಸಿ, ಡಿಪೋದವರ ಬಾಯಲ್ಲಿ "ಗಡಿಯಾರ" ಎನಿಸಿಕೊಂಡು ನಿವೃತ್ತನಾದ ಮನುಷ್ಯ ಅವನು. ಒಂದು ಹಳೆಯ ಮಿನಿಬಸ್ಸು ತಂದು, ಸೀಟುಗಳನ್ನು ಕಿತ್ತು, ಮಂಚ, ಒಲೆ, ನೀರಿನ ಟ್ಯಾಂಕು ಕೂರಿಸಿ ಗಾಡಿಯನ್ನೇ ಮನೆ ಮಾಡಿದ್ದ. ಊರವರನ್ನೆಲ್ಲ ಹೊತ್ತು ತಿರುಗಿದವನು ಕಟ್ಟಿಕೊಂಡವಳನ್ನು ಒಂದು ದಿನವೂ ಎಲ್ಲಿಗೂ ಕರೆದೊಯ್ದಿಲ್ಲ ಎಂಬ ಅವಳ ಹಳೆಯ ಕೊಂಕಿಗೆ ಇದು ಉತ್ತರ. ಕರಾವಳಿಯ ಉದ್ದಕ್ಕೂ ನಲವತ್ತು ದಿನ ಸುತ್ತುವುದೆಂದು ಮಾತು, ಇವತ್ತಿಗೆ ಎಂಟು. ಈ ಸೆಕೆಗೆ ಉಪ್ಪು ನೀರಾಗಿತ್ತು, ಬೆಂಕಿಪೊಟ್ಟಣ ಮೆತ್ತಗಾಗಿತ್ತು, ಒಗೆದ ಬಟ್ಟೆ ಮೂರು ದಿನವಾದರೂ ಒಣಗಿರಲಿಲ್ಲ. ಆದರೂ ಅವಳು ಇಷ್ಟು ಖುಷಿಯಾಗಿ ಇದ್ದದ್ದೇ ಇಲ್ಲ.

ಆ ಎಂಟು ದಿನವೂ ಅವನು ಅವಳ ಕೈಲಿ ದಾರಿಯ ಬೋರ್ಡುಗಳನ್ನು ಓದಿಸುತ್ತ ಬಂದಿದ್ದ. "ಗಟ್ಟಿಯಾಗಿ ಓದೇ. ಇಸ್ಕೂಲು ಬಿಟ್ಟು ನಲವತ್ತು ವರ್ಷ ಆಯ್ತು, ಅಕ್ಷರ ನೆನಪಿದೆಯಾ ನೋಡೋಣ." ಅವಳು ಆಟವೆಂದುಕೊಂಡು ಕಂಡ ಕಂಡ ಬೋರ್ಡನ್ನೆಲ್ಲ ಓದಿದ್ದಳು. ಹೊತ್ತು ಇಳಿಯುವ ಮುಂಚೆಯೇ ಗಾಡಿ ನಿಲ್ಲಿಸಿಬಿಡುವುದನ್ನು ಆಯಾಸ ಎಂದುಕೊಂಡಿದ್ದಳು. ಲೋಟಕ್ಕೆ ಚಹಾ ಬಗ್ಗಿಸುವಾಗ ಅಂಚಿಗೆ ಬೆರಳಿಡುವುದನ್ನು ಏನೂ ಅಂದುಕೊಂಡಿರಲಿಲ್ಲ.

ಕೀಲಿಯಕ್ಕ ಏದುಸಿರು ಬಿಡುತ್ತ ಹೇಳಿದಳು. "ಏಡಿ ಅಣ್ಣಾ, ಏಡಿ! ಮೊನ್ನೆ ಮಳೆ ಬಿತ್ತಲ್ಲ, ಬಸುರಿ ಏಡಿಗಳು ಕಾಡಿಂದ ಇಳಿದುಬಿಟ್ಟಿವೆ. ಸಮುದ್ರಕ್ಕೆ ಮೊಟ್ಟೆ ಬಿಡೋಕೆ. ನೀರು ತಾಗಿದ್ದೇ ಮೊಟ್ಟೆ ಒಡೆದು ಮರಿ ಆಗ್ತಾವೆ. ವರ್ಷಕ್ಕೆ ಎರಡು ದಿನ, ಅಷ್ಟೇ. ಮನೆ ಅಡ್ಡ ಬಂದ್ರೆ ಮನೆ ಹತ್ತಿ ಇಳೀತಾವೆ, ಸುತ್ತಿಕೊಂಡು ಹೋಗೋ ಪೈಕಿ ಅಲ್ಲ."

"ಗೊತ್ತಾಯ್ತು, ಗೊತ್ತಾಯ್ತು," ಎಂದು ಅವನು ನಕ್ಕ. "ತಮಾಷೆಗೆ ಅಂದೆ. ನಮಗೂ ಕಣ್ಣಿದಾವೆ ತಾಯಿ."

"ಹೋಗಲೇಬೇಕು ಅಂದ್ರೆ ಒಂದು ದಾರಿ ಇದೆ. ನಾನು ಮುಂದೆ ಮುಂದೆ ಪೊರಕೆಯಲ್ಲಿ ಪಕ್ಕಕ್ಕೆ ಸರಿಸ್ತಾ ಹೋಗ್ತೀನಿ. ನೀವು ನನ್ನ ಹಿಂದೇನೇ ಇರುವೆ ನಡಿಗೆಯಲ್ಲಿ ಬನ್ನಿ. ಟಾರು ರಸ್ತೆ ಅರ್ಧ ಮೈಲಿ. ಇಲ್ಲಿಯ ಡ್ರೈವರುಗಳೆಲ್ಲ ಹಾಗೇ ಹೋಗೋದು. ಎಷ್ಟು ಗುಡಿಸಿದ್ರೂ ಒಂದೆರಡು ನುಸುಳ್ತಾವೆ, ಕಂಡ ತಕ್ಷಣ ಬ್ರೇಕ್ ಒತ್ತಿ. ಅಷ್ಟೇ ನಿಮ್ಮ ಕೆಲಸ."

ಡ್ರೈವರಣ್ಣನ ಎರಡೂ ಕೈ ಸ್ಟಿಯರಿಂಗಿನ ಮೇಲಿದ್ದವು. ಹೆಂಡತಿ ಕಿಟಕಿಯ ಹತ್ತಿರ ಬಂದು ನಿಂತಳು. ಅವನ ನೋಟ ನೆಟ್ಟಗೆ ದಾರಿಯ ಮೇಲಿತ್ತು. ಕಣ್ಣು ಕಿರಿದು ಮಾಡಿ ನೋಡುತ್ತಿದ್ದ, ಕತ್ತು ಮುಂದೆ ಚಾಚಿ, ಗಾಜಿನ ಮೇಲಿನ ಮಂಜು ಒರೆಸಿ ಮತ್ತೆ ನೋಡುತ್ತಿದ್ದ. ಗಾಜಿನ ಮೇಲೆ ಮಂಜಿರಲಿಲ್ಲ.

"ರೀ," ಎಂದಳು ಅವಳು. ಕೇಳಬೇಕೆಂದಿದ್ದು ಬೇರೆ, ಬಾಯಿಗೆ ಬಂದದ್ದು ಬೇರೆ. "ಕೆಳಗಿಳಿದು ಬನ್ನಿ. ಇಂಥಾದ್ದು ಮತ್ತೆ ಸಿಗಲ್ಲ. ಬಗ್ಗಿ ಕೇಳಿ, ಸದ್ದು ಹೇಗಿದೆ ಅಂತ."

ಅವನು ಇಂಜಿನ್ ಆರಿಸಿದ. ಆಗ ಕೇಳಿತು. ಒಣ ಎಲೆಗಳ ಮೇಲೆ ಲಕ್ಷಾಂತರ ಕಾಲುಗಳು. ಅವಳ ತೌರಿನಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ತಟ್ಟೆ ತಟ್ಟೆ ಹುಳು ಒಟ್ಟಿಗೆ ಸೊಪ್ಪು ಮೇಯುವಾಗ ಮನೆಯೊಳಗೇ ಮಳೆ ಬಂದ ಹಾಗೆ ಕೇಳುತ್ತಿತ್ತು. ಇದು ಅದೇ ಸದ್ದು. ಆದರೆ ಇಲ್ಲಿ ಗೋಡೆಗಳಿರಲಿಲ್ಲ. ಕಾಡಿನ ಒಳಗಿನಿಂದ ಹೊರಟು, ಇವರ ಕಾಲಬುಡದಲ್ಲಿ ಹಾದು, ಅಲೆಗಳ ಸದ್ದಿನಲ್ಲಿ ಹೋಗಿ ಕೂಡುತ್ತಿತ್ತು.

ಡ್ರೈವರಣ್ಣ ಇಳಿದು ಕುಕ್ಕರಗಾಲಲ್ಲಿ ಕೂತ. ಅಂಗೈಯನ್ನು ನೆಲಕ್ಕೆ ಹಾಸಿ ಇಟ್ಟ. ಮೊದಲು ಒಂದು, ಆಮೇಲೆ ಮೂರು ಏಡಿಗಳು ಅದನ್ನೂ ನೆಲವೆಂದೇ ಎಣಿಸಿ ಹತ್ತಿ ಇಳಿದವು. ನಾಲ್ಕನೆಯದನ್ನು ಅವನು ಚಿಪ್ಪಿನ ಹಿಂಬದಿಯಿಂದ ಮೆಲ್ಲನೆ ಹಿಡಿದು ಮುಖದ ಹತ್ತಿರ ತಂದ. ಇನ್ನೂ ಹತ್ತಿರ ತಂದ, ಮೂಗಿಗೆ ತಾಗುವಷ್ಟು.

"ಅಯ್ಯೋ, ಮೂಗು ಕಚ್ಚಿಬಿಡುತ್ತೆ ಅಣ್ಣಾ!" ಎಂದಳು ಕೀಲಿಯಕ್ಕ.

ಹೊಟ್ಟೆಯಡಿ ಮೊಟ್ಟೆಗಳ ಗೊಂಚಲಿತ್ತು. ಸಾಸಿವೆಗಿಂತ ಸಣ್ಣವು, ಒಂದಕ್ಕೊಂದು ಅಂಟಿಕೊಂಡು, ಕಂದು ಬಣ್ಣದ ಒದ್ದೆ ಹತ್ತಿಯ ಹಾಗೆ. ಎಂಟು ಕಾಲುಗಳೂ ಗಾಳಿಯಲ್ಲೇ ನಡೆಯುತ್ತಿದ್ದವು. ಅವನು ಬಹಳ ಹೊತ್ತು ನೋಡಿದ.

"ಎಷ್ಟು ಇರಬಹುದೇ ಇದರೊಳಗೆ?"

"ನಾನೇನು ಎಣಿಸಿದೀನಾ?"

"ಇದನ್ನ ಹೊತ್ತುಕೊಂಡು ಆ ಕಾಡಿಂದ…" ಅವನು ಏಡಿಯನ್ನು ಅದು ಹೊರಟಿದ್ದ ದಿಕ್ಕಿಗೇ ಮುಖ ಮಾಡಿ ಕೆಳಗಿಟ್ಟ. ಇಟ್ಟ ಮೇಲೆ ಅದು ಎಲ್ಲಿ ಹೋಯಿತೆಂದು ಹುಡುಕಿದ. ಮೊಳದಾಚೆ ಹೋದ ಏಡಿ ಅವನಿಗೆ ಮತ್ತೆ ಬರಿಯ ಕೆಂಪಾಗಿತ್ತು.

"ಕೀಲಿಯಕ್ಕ, ಪೊರಕೆ ಇಟ್ಟುಬಿಡಮ್ಮ," ಎಂದ ಅವನು ಏಳದೆಯೇ. "ನಾನು ಈ ದಾರಿಯಲ್ಲಿ ಗಾಡಿ ಓಡಿಸಲ್ಲ. ನನಗೆ ಇವು ಕಾಣಲ್ಲ." ಹೆಂಡತಿಯ ಕಡೆ ತಿರುಗಿದ. "ಹೋದ ಚಳಿಗಾಲದಿಂದಲೇ ಕಾಣಲ್ಲ ಕಣೇ. ಡಾಕ್ಟ್ರು ಗಾಡಿ ಮುಟ್ಟಬೇಡ ಅಂದ್ರು. ನಿನಗೆ ಹೇಳಿದ್ರೆ ಹೊರಡ್ತಾನೇ ಇರ್ಲಿಲ್ಲ ನೀನು."

ಅವಳಿಗೆ ಎಂಟು ದಿನದ ದಾರಿಯೆಲ್ಲ ಒಮ್ಮೆಗೇ ಕಣ್ಣಮುಂದೆ ಬಂತು. ತಿರುವುಗಳು, ಸೇತುವೆಗಳು, ಎದುರಿಗೆ ಬಂದ ಲಾರಿಗಳು, ಸೈಕಲ್ಲಿನ ಮಕ್ಕಳು. ಬಾಯಿಗೆ ಬಂದ ಬೈಗುಳ ಬಹಳ ದೊಡ್ಡದಿತ್ತು. ಅದನ್ನು ನುಂಗಿಕೊಂಡು, ಒಂದು ಚಿಕ್ಕದನ್ನು ಮಾತ್ರ ಹೊರಗೆ ಬಿಟ್ಟಳು. "ಥೂ, ನಿಮ್ಮ! ಹೆಂಡತಿ ಬೇಡ, ದಾರಿಲಿ ಹೋಗೋರ ಜೀವ ಆದ್ರೂ ನೆನೀಬಾರದಾ?"

ಅವನು ತಲೆ ತಗ್ಗಿಸಿದ.

ಕೀಲಿಯಕ್ಕ ಪೊರಕೆಯನ್ನು ಮರಕ್ಕೆ ಒರಗಿಸಿದಳು. "ನನ್ನ ತಮ್ಮ ನೀರಿನ ಟ್ಯಾಂಕರ್ ಓಡಿಸ್ತಾನೆ ಅತ್ತಿಗೆ. ಏಡಿ ದಾಟಿದ ಮೇಲೆ ಅವನೇ ಬಂದು ನಿಮ್ಮ ಗಾಡಿ ಊರು ಮುಟ್ಟಿಸ್ತಾನೆ. ಅಲ್ಲೀತನಕ ಇಲ್ಲೇ ಇರಿ."

"ಮೂವತ್ತೆರಡು ದಿನ ಬಾಕಿ ಇತ್ತು," ಎಂದ ಅವನು.

"ಉಳೀಲಿ. ನಾನೇ ಡ್ರೈವಿಂಗ್ ಕಲಿತು ಪೂರೈಸ್ತೀನಿ."

"ನೀನಾ? ಸೈಕಲ್ಲಲ್ಲಿ ಹೋಗಿ ಬಾವಿಕಟ್ಟೆಗೆ ಗುದ್ದಿದವಳು!"

"ಬಾವಿಕಟ್ಟೆಗೆ ಏನಾದ್ರೂ ಆಯ್ತಾ? ಇಲ್ವಲ್ಲ? ಏಳಿ ಮೇಲೆ."

ಅವಳು ಅವನ ಮೊಣಕೈ ಹಿಡಿದಳು. ಕೀಲಿಯಕ್ಕ ಹೇಳಿಕೊಟ್ಟಂತೆ, ಇಬ್ಬರೂ ಕಾಲೆತ್ತದೆ, ಪಾದವನ್ನು ನೆಲದ ಮೇಲೇ ಎಳೆಯುತ್ತ ಏಡಿಗಳ ಜೊತೆ ಸಮುದ್ರದ ಕಡೆ ಇಳಿದರು. ಏಡಿಗಳು ಅವರ ಪಾದ ಹತ್ತಿ ಇಳಿದು ಮುಂದೆ ಹೋದವು. ಅವರಿಗಿಂತ ಅವೇ ಬೇಗ ಇದ್ದವು.

ನೀರಿನ ಅಂಚಿನಲ್ಲಿ ಕಲ್ಲುಗಳೆಲ್ಲ ಮುಚ್ಚಿಹೋಗಿದ್ದವು.

"ಹೇಳು," ಎಂದ ಅವನು. "ಏನು ಮಾಡ್ತಿವೆ?"

"ಅಂಚಿಗೆ ಹೋಗಿ ನಿಂತಿವೆ. ಎಲ್ಲವೂ. ಅಲೆಗೆ ಕಾಯ್ತಿವೆ ಅನ್ಸುತ್ತೆ." ಅವಳು ಬೋರ್ಡು ಓದುವವಳಂತೆ ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. "ಬಂತು. ಈಗ ಎರಡೂ ಕೊಂಡಿ ಮೇಲೆತ್ತಿ ಮೈ ಕೊಡವ್ತಿವೆ. ಅಯ್ಯಪ್ಪಾ… ರೀ, ನೀರೆಲ್ಲ ಕಂದಾಗಿಹೋಯ್ತು."

"ಎಷ್ಟು ದೂರ?"

"ಕಣ್ಣು ಹಾಯೋಷ್ಟು ದೂರ."

ಅವನು ಮುಂದೆ ಬಗ್ಗಿ ಎರಡು ಕೈಯಲ್ಲೂ ನೀರು ತುಂಬಿಕೊಂಡು ಕಣ್ಣಿನ ಹತ್ತಿರ ತಂದ. ಬೊಗಸೆಯೊಳಗೆ, ಬೆಚ್ಚಗಿನ ನೀರಿನಲ್ಲಿ, ಧೂಳಿನಂಥ ಚುಕ್ಕೆಗಳು ಒಂದೊಂದಾಗಿ ಮಿಸುಕತೊಡಗಿದ್ದವು.